ಎರಡು ಜೀಪು ನೋಡಿಟ್ಟ ತಮ್ಮನಿಗೆ

ತಮ್ಮಾ, ಹಳೆಯ ಜೀಪು ಕೊಳ್ಳುತ್ತೀಯೆಂದು ಕೇಳಿ ಸಂತೋಷವಾಯಿತು. ಮಹೀಂದ್ರಾದ್ದೇ ಎರಡು ನೋಡಿಟ್ಟಿದ್ದೀಯಂತೆ. ಎತ್ತರದ ಬಾನೆಟ್ಟಿನ ಸಿಜೆ 3ಬಿ ಒಂದು, ಎಂಎಂ 540 ಇನ್ನೊಂದು. ಮನೆಯವರು ಕೂರುವ ಗಾಡಿಯಾದರೆ ಎಂಎಂ 540 ತಗೋ.

3ಬಿ ಚಂದ, ಒಪ್ಪುತ್ತೇನೆ. ಅಮೆರಿಕದ ವಿಲ್ಲೀಸ್‌ನವರು 1953ರಲ್ಲಿ ಹೊರತಂದ ಮಾದರಿ ಅದು. ಅಲ್ಲಿ 1968ಕ್ಕೆ ನಿಂತರೂ ಮಹೀಂದ್ರಾದವರು ಇಲ್ಲಿ ಬಹಳ ಕಾಲ ಅದನ್ನು ಉಳಿಸಿಕೊಂಡರು. ಹಿಂದುಮುಂದಿನ ಗಾಲಿಗಳ ನಡುವೆ ಬರೀ 80 ಇಂಚು. ಅಡಿಕೆ ತೋಟದ ಇಕ್ಕಟ್ಟು ದಾರಿಯಲ್ಲಿ ಅದು ತಿರುಗುವ ಸಲೀಸು ನೋಡಿದರೆ ಯಾರಿಗೂ ಆಸೆಯಾಗುತ್ತದೆ. ಆದರೆ ಗಿಡ್ಡ ಗಾಡಿ, ಎತ್ತರದ ನಿಲುವು. ತಿರುವಿನಲ್ಲಿ ವೇಗ ಮೀರಿದರೆ ಮಗುಚಲು ಹೊತ್ತು ಬೇಡ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದವೂ ಇವೆ. ಆರ್‌ಸಿಯಲ್ಲಿರುವ ಎಂಜಿನ್ ನಂಬರು ಗಾಡಿಯೊಂದಿಗೆ ತಾಳೆಯಾಗದೆ ಮುಂಗಡ ಕೊಡಬೇಡ.

ಎಂಎಂ 540 ಬಂದದ್ದು 1980ರ ದಶಕದ ನಡುವೆ. ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್, ನಾಲ್ಕು ಗೇರು. ಜೀಪಿನ ಮೆಕ್ಯಾನಿಕ್‌ಗಳ ಕೈಗೆ ಪಳಗಿದ್ದು. ಬಣ್ಣ ನೋಡಿ ಮಾತ್ರ ಮರುಳಾಗಬೇಡ. ನಮ್ಮ ಮಲೆನಾಡಿನ ಹುಂಚದ ಮಳೆ ಕಬ್ಬಿಣವನ್ನು ಬಿಡುವುದಿಲ್ಲ. ಅಡಿಗೆ ಮಲಗಿ ಚಾಸಿಯನ್ನು, ಸ್ಪ್ರಿಂಗ್ ಪ್ಲೇಟು ಕೂರುವ ಜಾಗವನ್ನು ಸುತ್ತಿಗೆಯಲ್ಲಿ ತಟ್ಟಿ ನೋಡು.

ನೀನು ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ, ಆಗುಂಬೆ ಇಳಿದು ಉಡುಪಿಗೆ ಹೋಗುವವನು. ಕೊಡಚಾದ್ರಿ ಬೆಟ್ಟ ಹತ್ತಿಳಿಯುವ ಜೀಪಿನವರನ್ನು ಗಮನಿಸು. ಇಳಿಯುವಾಗಲೂ ಸಣ್ಣ ಗೇರಿನಲ್ಲಿಟ್ಟು ಎಂಜಿನ್ ಬಲದಿಂದಲೇ ಗಾಡಿ ತಡೆಯುತ್ತಾರೆ. ಹಳ್ಳ ದಾಟುವಾಗ ನೆನೆದ ಡ್ರಮ್ ಬ್ರೇಕು ಹಿಡಿಯುವುದಿಲ್ಲ. ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಓಡಿಸಿ ಒಣಗಿಸಿಕೋ.

ಇನ್ನೊಂದು ಮಾತು, ಸೀಟ್ ಬೆಲ್ಟಿನದು, ಎಲ್ಲಕ್ಕಿಂತ ಮುಖ್ಯ. ಸ್ವೀಡನ್ನಿನ ವೋಲ್ವೋ ಹೆಸರು ನಿನಗೆ ಬಸ್ಸಿನಿಂದ ಗೊತ್ತು. 1959ರಲ್ಲಿ ಅವರ ಎರಡು ಕಾರುಗಳು ಒಟ್ಟಿಗೆ ಮಾರಾಟದಲ್ಲಿದ್ದವು: 1940ರ ದಶಕದ ಮೈಕಟ್ಟಿನ ಪಿವಿ 544, ಅದಕ್ಕಿಂತ ಹೊಸದಾದ ಅಮೆಜಾನ್. ನೀಲ್ಸ್ ಬೋಲಿನ್ ರೂಪಿಸಿದ, ಹೆಗಲು ಸೊಂಟ ಎರಡನ್ನೂ ಹಿಡಿಯುವ ಸೀಟ್ ಬೆಲ್ಟನ್ನು ಆ ವರ್ಷ ಎರಡಕ್ಕೂ ಹಾಕಿದರು, ಹಳೆಯದಕ್ಕೇಕೆ ಎನ್ನಲಿಲ್ಲ. ಬೇರೆ ಕಂಪನಿಗಳೂ ಬಳಸಲೆಂದು ಪೇಟೆಂಟನ್ನು ಮುಕ್ತವಾಗಿ ಬಿಟ್ಟರು. ಎಂಥ ದೊಡ್ಡ ಕೆಲಸ! ಅದೇ ಪಿವಿ 544, ಅದೂ ಸೆಕೆಂಡ್ ಹ್ಯಾಂಡ್, ಓಡಿಸಿ ಕೀನ್ಯಾದ ಜೋಗಿಂದರ್ ಸಿಂಗ್ 1965ರ ಪೂರ್ವ ಆಫ್ರಿಕಾ ಸಫಾರಿ ರ‍್ಯಾಲಿ ಗೆದ್ದರು. ಹಾಗಾಗಿ ಜೀಪು ಹಳೆಯದೆಂದು ಯಾರಾದರೂ ಹೀಗಳೆದರೆ ತಲೆಕೆಡಿಸಿಕೊಳ್ಳಬೇಡ. ಬೆಲ್ಟಿಲ್ಲ ಎಂದರೆ ಕೇಳಿಸಿಕೋ.

ಯಾವುದನ್ನೇ ಕೊಂಡರೂ ಮುಂದಿನ ಎರಡು ಸೀಟಿಗೂ ಬೆಲ್ಟು, ಮೇಲೆ ಗಟ್ಟಿಯಾದ ರೋಲ್ ಬಾರ್ ಬೇಕೇ ಬೇಕು. ಆರ್‌ಟಿಓದಲ್ಲಿ ವಿಚಾರಿಸಿಯೇ ಹಾಕಿಸು. ಅಲ್ಲಿಯತನಕ ಹಿಂದಿನ ಉದ್ದ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯಬೇಡ, ತಮ್ಮಾ.