ಧೂಮಪಾನ ತ್ಯಾಗವೂ ಸಂಘಬಲವೂ

ತಂಬಾಕು ಭಾರತದ ಮೂಲ ಸಸ್ಯವಲ್ಲ. ಅಮೆರಿಕಾ ಖಂಡದಲ್ಲಿ ಹುಟ್ಟಿದ ಈ ಗಿಡವನ್ನು ನಮ್ಮ ಕಡಲತೀರಕ್ಕೆ ತಂದವರು ಪೋರ್ಚುಗೀಸರು. ಅದು ಬಂದು ಹೆಚ್ಚು ಕಾಲವಾಗುವ ಮೊದಲೇ, ೧೬೧೭ರಲ್ಲಿ, ಮೊಗಲ ಚಕ್ರವರ್ತಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನು. ಆಜ್ಞೆಯು ಇತಿಹಾಸದ ಪುಟವನ್ನು ಸೇರಿತು. ಹೊಗೆಸೊಪ್ಪು ಹಳ್ಳಿಹಳ್ಳಿಯನ್ನು ಸೇರಿತು. ೧೯೯೯ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಕೂಡದೆಂದು ತೀರ್ಪಿತ್ತಿತು. ೨೦೦೮ನೆಯ ಅಕ್ಟೋಬರ್ ೨ರಿಂದ ಇಡೀ ದೇಶದಲ್ಲಿ ಅಂತಹುದೇ ನಿಯಮ ಜಾರಿಗೆ ಬಂದಿತು. ಇದರಿಂದ ಬಸ್ಸಿನಲ್ಲಿಯೂ ಕಚೇರಿಯಲ್ಲಿಯೂ ಹೊಗೆ ಕಡಿಮೆಯಾಯಿತೆಂಬುದು ಸಂತೋಷದ ಸಂಗತಿ. ಆದರೆ ಕಾನೂನು ಹೊಗೆಯನ್ನು ಬಸ್ಸಿನಿಂದ ಇಳಿಸಬಲ್ಲುದೇ ಹೊರತು ಮನುಷ್ಯನ ಎದೆಯಿಂದ ಇಳಿಸಲಾರದು. ಆ ಕಾರ್ಯಕ್ಕೆ ಬೇರೆ ಉಪಾಯ ಬೇಕು. ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರು ಬರುತ್ತದೆಂಬುದನ್ನು ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬ ವಿದ್ವಾಂಸರು ೧೯೫೦ರಷ್ಟು ಹಿಂದೆಯೇ ಅಂಕಿ-ಅಂಶಗಳಿಂದ ತೋರಿಸಿದರು. ೧೯೬೪ರಲ್ಲಿ ಅಮೆರಿಕಾ ಸರಕಾರದ ವೈದ್ಯಾಧಿಕಾರಿಯ ವರದಿಯು ಅದನ್ನೇ ಜಗತ್ತಿಗೆ ಸಾರಿತು. ಹೃದಯಾಘಾತ, ಪಾರ್ಶ್ವವಾಯು, ದಮ್ಮು ಇವೂ ಇದೇ ಮರದ ಫಲಗಳು. ೨೦೧೬-೧೭ರಲ್ಲಿ ನಮ್ಮ ದೇಶದಲ್ಲಿ ನಡೆದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ ೨೮.೬ ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಸೇವಿಸುತ್ತಿದ್ದರು. ಸೇದುವವರು ಶೇಕಡಾ ೧೦.೭. ಇವರಲ್ಲಿ ಸಿಗರೇಟಿನವರಿಗಿಂತ ಬೀಡಿಯವರೇ ಹೆಚ್ಚು. ಬೀಡಿಯು ಎಲೆಯಲ್ಲಿ ಸುತ್ತಿದ್ದಾದುದರಿಂದ ನಿರಪಾಯಕರವೆಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು. ಬೀಡಿ ಎಲೆ ಬೇಗ ನಂದುವುದರಿಂದ ಮೇಲಿಂದ ಮೇಲೆ ದಮ್ಮೆಳೆಯಬೇಕಾಗುತ್ತದೆ. ಅಷ್ಟೂ ವಿಷ ಒಳಗೆ ಹೋಗುತ್ತದೆ.

ಕೆಡುಕೆಂದು ಬಲ್ಲವರೂ ಏಕೆ ಬಿಡಲಾರರು? ಮನೋದಾರ್ಢ್ಯವಿಲ್ಲವೆಂದು ಹೀಯಾಳಿಸುವುದು ಸುಲಭ, ಆದರೆ ನ್ಯಾಯವಲ್ಲ. ತಂಬಾಕಿನಲ್ಲಿರುವ ನಿಕೋಟಿನ್ ಎಂಬ ದ್ರವ್ಯವು ಹೊಗೆಯೊಡನೆ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟಿ ಕ್ಷಣಿಕವಾದ ಹಿತವನ್ನುಂಟುಮಾಡುತ್ತದೆ. ಒಂದೆರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಅಂಶ ಇಳಿಯುತ್ತಲೇ ಮೆದುಳು ಮತ್ತೆ ಬೇಡುತ್ತದೆ. ಕೊಡದಿದ್ದರೆ ಸಿಡುಕು, ನಿದ್ರಾಭಂಗ, ಚಡಪಡಿಕೆ, ಅತಿಯಾದ ಹಸಿವು ತೋರುತ್ತವೆ. ಬಿಟ್ಟ ಮೊದಲ ಮೂರು ನಾಲ್ಕು ದಿನಗಳಲ್ಲಿ ಈ ಬಾಧೆ ಅತ್ಯಂತ ತೀವ್ರ. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಮನವಾಗುತ್ತದೆ. ಒಂಟಿಯಾಗಿ ಹೊರಟವನು ಸಾಮಾನ್ಯವಾಗಿ ಈ ಹೊಸ್ತಿಲಲ್ಲಿಯೇ ಎಡವುತ್ತಾನೆ.

ಸಂಘಬಲದ ಪ್ರಯೋಜನ ಇಲ್ಲಿ ಕಾಣುತ್ತದೆ. ಮದ್ಯಪಾನ ತ್ಯಜಿಸಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಕೂಟವು ೧೯೩೫ರಲ್ಲಿ ಅಮೆರಿಕೆಯಲ್ಲಿ ಇಬ್ಬರೇ ವ್ಯಕ್ತಿಗಳಿಂದ ಆರಂಭವಾಗಿ ಲೋಕವ್ಯಾಪಿಯಾಯಿತು. ಧೂಮಪಾನಿಗಳೂ ಮುಂದೆ ಅದೇ ದಾರಿಯನ್ನು ಹಿಡಿದರು. ಎಂಟು ಹತ್ತು ಮಂದಿ ವಾರಕ್ಕೊಮ್ಮೆ ಕಲೆಯುತ್ತಾರೆ. ಪ್ರತಿಯೊಬ್ಬನೂ ಆ ವಾರದ ತನ್ನ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ, ಉಳಿದವರು ಕೇಳುತ್ತಾರೆ. ಹೇಳಿದ ಮಾತು ಹೊರಗೆ ಹೋಗದು. ಉಪದೇಶಕ್ಕೂ ನಿಂದೆಗೂ ಅಲ್ಲಿ ಸ್ಥಾನವಿಲ್ಲ. ನಾಲ್ವರ ಎದುರಿಗೆ ಕೊಟ್ಟ ಮಾತನ್ನು ಮುರಿಯಲು ಮನಸ್ಸು ಹಿಂಜರಿಯುತ್ತದೆ. ತನ್ನಂತೆಯೇ ನರಳಿದವನು ಗೆದ್ದುದನ್ನು ಕಂಡಾಗ ತನಗೂ ಸಾಧ್ಯವೆಂಬ ಭರವಸೆ ಹುಟ್ಟುತ್ತದೆ. ಪುಸ್ತಕ ಮಾತ್ರವನ್ನು ಓದಿ ಪ್ರಯತ್ನಿಸಿದವರಿಗಿಂತ ಇಂತಹ ಕೂಟಗಳಲ್ಲಿ ಸೇರಿದವರಲ್ಲಿ ಯಶಸ್ವಿಯಾದವರು ಹೆಚ್ಚೆಂದು ಅನೇಕ ಪರಿಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದ ವೈದ್ಯವಿದ್ವಾಂಸರು ಕಂಡುಕೊಂಡಿದ್ದಾರೆ.

ಕೂಟದವರು ಅನುಸರಿಸಬೇಕಾದ ಕ್ರಮವನ್ನು ಪಾಠದಂತೆ ಹೇಳುವುದಾದರೆ:

೧. ಮೊದಲ ವಾರ ಯಾರೂ ಬಿಡಬೇಕಾಗಿಲ್ಲ. ಎಷ್ಟು ಹೊತ್ತಿಗೆ, ಯಾವ ಕಾರಣಕ್ಕೆ ಸೇದಿದೆನೆಂದು ಚೀಟಿಯಲ್ಲಿ ಬರೆದಿಡಬೇಕು. ಚಹಾದ ನಂತರ, ಊಟದ ನಂತರ, ಕೋಪ ಬಂದಾಗ - ಹೀಗೆ ಚಟದ ವೇಳಾಪಟ್ಟಿ ಕಣ್ಣಿಗೆ ಕಾಣುತ್ತದೆ.

೨. ಎಲ್ಲರೂ ಸೇರಿ ತ್ಯಾಗದ ದಿನವೊಂದನ್ನು ಗೊತ್ತುಮಾಡಬೇಕು. ಹಿಂದಿನ ರಾತ್ರಿಯೇ ಬೀಡಿಕಟ್ಟು, ಬೆಂಕಿಪೊಟ್ಟಣಗಳನ್ನು ಜೇಬಿನಿಂದ ತೆಗೆದುಹಾಕಬೇಕು.

೩. ಆಸೆ ಕೆರಳಿದಾಗ ಕೆಲವು ನಿಮಿಷ ತಡೆದರೆ ಅದು ತಾನಾಗಿ ಇಳಿಯುತ್ತದೆ. ಆ ಅವಧಿಯಲ್ಲಿ ನೀರು ಕುಡಿಯಬೇಕು, ಏಲಕ್ಕಿಯನ್ನೋ ಲವಂಗವನ್ನೋ ಬಾಯಿಗೆ ಹಾಕಿಕೊಳ್ಳಬೇಕು, ನಾಲ್ಕು ಹೆಜ್ಜೆ ನಡೆಯಬೇಕು. ಇಲ್ಲವೇ ಕೂಟದ ಗೆಳೆಯನಿಗೆ ಫೋನ್ ಮಾಡಬೇಕು. ಬೀಡಿಯ ಬದಲು ಹೊಗೆಸೊಪ್ಪನ್ನು ಜಗಿಯುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ.

೪. ಚಟ ಬಲವಾಗಿದ್ದವರು ವೈದ್ಯರನ್ನು ಕಾಣಬೇಕು. ನಿಕೋಟಿನ್ ಬೆರೆತ ಗಮ್ ಮೊದಲಾದ ಔಷಧಗಳು ಬಾಧೆಯನ್ನು ತಗ್ಗಿಸುತ್ತವೆ.

೫. ಯಾರಾದರೂ ಎಡವಿದರೆ ಕೂಟ ಅವರನ್ನು ಕೈಬಿಡಕೂಡದು. ಬಿಟ್ಟು ಗೆದ್ದವರಲ್ಲಿ ಅನೇಕರು ಹಿಂದೆ ಹಲವು ಬಾರಿ ಸೋತವರೇ.

ಗೆಲುವಿನ ಫಲ ಬೇಗನೆ ದೊರೆಯುತ್ತದೆ. ಇಪ್ಪತ್ತು ನಿಮಿಷಗಳಲ್ಲಿ ನಾಡಿಯ ವೇಗ ಇಳಿಯತೊಡಗುತ್ತದೆ. ಒಂದೆರಡು ದಿನಗಳಲ್ಲಿ ರಕ್ತದಲ್ಲಿ ಸೇರಿದ್ದ ಇಂಗಾಲದ ವಿಷಾನಿಲ ಹೋಗುತ್ತದೆ. ಕೆಲವು ತಿಂಗಳುಗಳಲ್ಲಿ ಕೆಮ್ಮು ಕಡಿಮೆಯಾಗುತ್ತದೆ. ಒಂದು ವರ್ಷದಲ್ಲಿ, ಧೂಮಪಾನದಿಂದ ಹೆಚ್ಚಿದ್ದ ಹೃದ್ರೋಗದ ಭಯ ಅರ್ಧಕ್ಕಿಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಕಾಸರಗೋಡಿನ ಸೀಮೆಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಬಹುಮಂದಿ. ಅವರ ದುಡಿಮೆಯನ್ನು ಹಳಿಯುವುದು ಕೃತಘ್ನತೆ. ೧೯೬೯ರಲ್ಲಿ ಕಣ್ಣೂರಿನಲ್ಲಿ ಸ್ಥಾಪಿತವಾದ ದಿನೇಶ್ ಬೀಡಿ ಸಹಕಾರಿ ಸಂಘವು ಬೀಡಿಯ ಬೇಡಿಕೆ ತಗ್ಗಿದಾಗ ತೆಂಗಿನ ಹಾಲು, ಛತ್ರಿ, ಸಿದ್ಧ ಉಡುಪುಗಳ ತಯಾರಿಕೆಗೆ ಕೈಹಾಕಿತು. ಕೈಗಳಿಗೆ ಬೇರೆ ಕೆಲಸ ಒದಗಿಸಲು ಸಾಧ್ಯ. ಸುಟ್ಟ ಶ್ವಾಸಕೋಶಕ್ಕೆ ಬದಲು ಒದಗಿಸುವುದು ಸಾಧ್ಯವಿಲ್ಲ.

ತಂದೆತಾಯಿಗಳಲ್ಲಿ ವಿಜ್ಞಾಪನೆಯಿಷ್ಟೆ: ಬೀಡಿಕಟ್ಟು ತರಲು ಮಕ್ಕಳನ್ನು ಅಂಗಡಿಗೆ ಕಳುಹಿಸಬೇಡಿರಿ. ಹದಿನೆಂಟು ತುಂಬದವರಿಗೆ ತಂಬಾಕು ಮಾರುವುದೂ ಶಾಲೆಯಿಂದ ೧೦೦ ಗಜದೊಳಗೆ ಮಾರುವುದೂ ೨೦೦೩ರ ಕಾನೂನಿನಂತೆ ಅಪರಾಧ. ಕಾನೂನಿಗಿಂತ ದೊಡ್ಡ ಮಾತೆಂದರೆ, ತಂದೆಯ ಬೆರಳುಗಳ ನಡುವೆ ಮಗನು ಕಂಡುದು ನಾಳೆ ಮಗನ ಬೆರಳುಗಳ ನಡುವೆ ಕಾಣುತ್ತದೆ. ಮುಚ್ಚಿದ ಕೋಣೆಯ ಹೊಗೆ ಸೇದದ ಮಗುವಿನ ಉಸಿರನ್ನೂ ಕೆಡಿಸುತ್ತದೆ.

ವಿದ್ಯಾರ್ಥಿಗಳೇ, ಮನೆಯ ಹಿರಿಯರು ಸೇದುತ್ತಿದ್ದರೆ ಅವರನ್ನು ನಾಲ್ವರ ಮುಂದೆ ನಾಚಿಸಬೇಡಿರಿ. ಬಿಡಲು ಯತ್ನಿಸುವ ದಿನಗಳಲ್ಲಿ ಅವರು ಸಿಡುಕಿದರೆ ಸಹಿಸಿಕೊಳ್ಳಿರಿ. ಪಂಚಾಂಗದಲ್ಲಿ ದಿನಕ್ಕೊಂದು ಗುರುತು ಹಾಕಿ, ಸಂಜೆ "ಅಪ್ಪಾ, ಇಂದಿಗೆ ಎಷ್ಟನೆಯ ದಿನವಾಯಿತು?" ಎಂದು ಪ್ರೀತಿಯಿಂದ ಕೇಳಿರಿ. ಆ ಪ್ರಶ್ನೆಯೇ ಒಂದು ಔಷಧ. ನೀವಂತೂ ಮೊದಲ ಬೀಡಿಯನ್ನು ಮುಟ್ಟದಿರಿ; ಕಟ್ಟದ ಗಂಟನ್ನು ಬಿಚ್ಚಬೇಕಾಗಿಲ್ಲ.

ಕೂಟಕ್ಕೆ ಬೇಕಾದುದು ಒಂದು ಬೆಂಚು, ಒಂದು ಗಂಟೆ, ಐದಾರು ಮಂದಿಯ ಪ್ರಾಮಾಣಿಕತೆ. ರಕ್ಷಕ-ಶಿಕ್ಷಕ ಸಂಘದ ಹಿರಿಯರು ಮನಸ್ಸು ಮಾಡಿ ಸಮೀಪದ ಆರೋಗ್ಯ ಕೇಂದ್ರದವರನ್ನು ಕರೆದರೆ ಶಾಲೆಯ ಒಂದು ಕೋಣೆಯಲ್ಲಿಯೇ ಇದು ನಡೆಯಬಹುದು. ಬರಲು ಸಂಕೋಚಪಡುವವರು ಸರಕಾರದ ತಂಬಾಕು ತ್ಯಾಗ ಸಹಾಯವಾಣಿಗೆ, ೧೮೦೦-೧೧-೨೩೫೬ಕ್ಕೆ, ಶುಲ್ಕವಿಲ್ಲದೆ ಮಾತನಾಡಬಹುದು. ಸೇದಲು ಕಲಿತದ್ದು ಗೆಳೆಯರ ಕೂಟದಲ್ಲಿ. ಬಿಡಲು ಕಲಿಯುವುದೂ ಗೆಳೆಯರ ಕೂಟದಲ್ಲಿಯೇ ಆಗಲಿ.