ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ: ಯಾಕೆ?

ಫೆಸ್ಟ್ ಹತ್ತಿರ ಬಂದರೆ ಸಾಕು, ಪ್ರತಿ ಕ್ಲಬ್ಬಿಗೂ ಒಂದು ವೆಬ್‌ಸೈಟ್ ಬೇಕು. ಹುಡುಕಿದರೆ ಮೊದಲು ಕಾಣೋದೇ "ಹೋಸ್ಟಿಂಗ್ ತಗೊಳ್ಳಿ, ಮೊದಲ ವರ್ಷ ಡೊಮೇನ್ ಫ್ರೀ" ಅನ್ನೋ ಆಫರ್. ಎರಡೂ ಒಂದೇ ಬಿಲ್‌ನಲ್ಲಿ ಬರೋದರಿಂದ ಎರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿರ್ತಾರೆ. ಹಾಗಲ್ಲ. ಎರಡನ್ನೂ ಬೇರೆ ಬೇರೆ ಕಂಪನಿಗಳಲ್ಲಿ ಇಡೋದು ಯಾಕೆ ಒಳ್ಳೇದು ಅಂತ ನೋಡೋಣ.

ಯಾವುದು ಏನು?

ಡೊಮೇನ್ ಅಂದ್ರೆ ಹೆಸರು. ಇದನ್ನು ಶಾಶ್ವತವಾಗಿ ಕೊಂಡುಕೊಳ್ಳೋಕೆ ಆಗಲ್ಲ, ವರ್ಷದ ಲೆಕ್ಕದಲ್ಲಿ ನೋಂದಾಯಿಸಬೇಕು. ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿ ವೆರಿಸೈನ್ ಕಂಪನಿಯ ಹತ್ತಿರ ಇದೆ. ಡಾಟ್ ಇನ್ ಪಟ್ಟಿ ನಮ್ಮ ದೇಶದ ನಿಕ್ಸಿ ಸಂಸ್ಥೆಯದ್ದು. ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ಕೂಡ ಅವರದ್ದೇ. ಇವರನ್ನು ರಿಜಿಸ್ಟ್ರಿ ಅಂತಾರೆ. ನಮ್ಮಿಂದ ದುಡ್ಡು ತಗೊಂಡು ಆ ಪಟ್ಟಿಯಲ್ಲಿ ಹೆಸರು ಸೇರಿಸೋ ಕಂಪನಿ ರಿಜಿಸ್ಟ್ರಾರ್.

ಹೋಸ್ಟಿಂಗ್ ಅಂದ್ರೆ ನಮ್ಮ ಫೈಲು, ಡೇಟಾಬೇಸ್ ಇಡೋ ಸರ್ವರ್‌ನ ಬಾಡಿಗೆ.

ಎರಡನ್ನೂ ಜೋಡಿಸೋದು ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ವ್ಯವಸ್ಥೆ ಇದು. ರಿಜಿಸ್ಟ್ರಿಗೆ ಗೊತ್ತಿರೋದು ಮುಖ್ಯವಾಗಿ ನಮ್ಮ ನೇಮ್‌ಸರ್ವರ್ ಯಾವುದು ಅಂತ. ಆ ನೇಮ್‌ಸರ್ವರ್‌ನಲ್ಲಿರೋ ಎ ರೆಕಾರ್ಡ್ "ಈ ಹೆಸರಿನ ಸೈಟ್ 203.0.113.10ರಲ್ಲಿ ಇದೆ" ಅಂತ ಹೇಳುತ್ತೆ. ಎಂಎಕ್ಸ್ ರೆಕಾರ್ಡ್ ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತೆ. ಈ ಸರಪಳಿಯಲ್ಲಿ ಎಲ್ಲವೂ ಒಂದೇ ಕಂಪನಿಯದ್ದಾಗಿರಬೇಕು ಅನ್ನೋ ನಿಯಮ ಎಲ್ಲೂ ಇಲ್ಲ.

ಒಂದೇ ಕಡೆ ಇದ್ದರೆ ಏನು ತೊಂದರೆ?

2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಕಂಪನಿಯ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋಯಿತು. ಅಂಥ ದಿನ ಎರಡು ವಸ್ತು ಬೇಕು: ಬೇರೆ ಕಡೆ ಇಟ್ಟ ಬ್ಯಾಕಪ್, ಮತ್ತೆ ಹೆಸರಿನ ಮೇಲೆ ಹಿಡಿತ. ಎರಡೂ ಇದ್ದರೆ ಹೊಸ ಸರ್ವರ್‌ಗೆ ಬ್ಯಾಕಪ್ ಹಾಕಿ ಎ ರೆಕಾರ್ಡ್ ಬದಲಿಸಿದರೆ ಆಯ್ತು, ಸೈಟ್ ಅದೇ ಹೆಸರಲ್ಲಿ ಮತ್ತೆ ಬರುತ್ತೆ.

ಬೆಂಕಿ ಅಪರೂಪ. ಆದರೆ ಬಿಲ್ ಜಗಳ, ಸೈಟ್‌ಗೆ ಮಾಲ್‌ವೇರ್ ಬಂದು ಅಕೌಂಟ್ ಸಸ್ಪೆಂಡ್ ಆಗೋದು ಅಪರೂಪ ಅಲ್ಲ. ಹೆಸರೂ ಅದೇ ಲಾಗಿನ್‌ನಲ್ಲಿ ಇದ್ದರೆ, ಅಕೌಂಟ್ ಲಾಕ್ ಆದಾಗ ಬೇರೆ ಕಡೆ ಹೋಗೋ ದಾರಿಯೂ ಮುಚ್ಚಿಹೋಗುತ್ತೆ.

ಸರಿ, ರಿಜಿಸ್ಟ್ರಾರ್ ಕಂಪನಿಯೇ ಮುಳುಗಿದರೆ? ಅದೂ ಆಗಿದೆ. 2007ರಲ್ಲಿ ರಿಜಿಸ್ಟರ್‌ಫ್ಲೈ ಅನ್ನೋ ರಿಜಿಸ್ಟ್ರಾರ್‌ನ ಮಾನ್ಯತೆಯನ್ನು ಐಕ್ಯಾನ್ ರದ್ದು ಮಾಡಿತು. ಅದರ ಹತ್ತಿರ ಇದ್ದ ಹೆಸರುಗಳನ್ನು ಗೋಡ್ಯಾಡಿಗೆ ವರ್ಗಾಯಿಸಲಾಯಿತು. ವ್ಯತ್ಯಾಸ ಇರೋದು ಇಲ್ಲೇ. ಹೆಸರಿಗೆ ಮೇಲೊಂದು ಸಂಸ್ಥೆ ಇದೆ, ನಿಯಮ ಇದೆ. ಹೋಸ್ಟಿಂಗ್ ಕಂಪನಿ ಬಾಗಿಲು ಹಾಕಿದರೆ ನಮ್ಮ ಫೈಲುಗಳನ್ನು ಎತ್ತಿಡೋಕೆ ಅಂಥವರು ಯಾರೂ ಇಲ್ಲ, ನಮ್ಮ ಬ್ಯಾಕಪ್ಪೇ ಗತಿ.

ಹೆಸರು ವರ್ಗಾಯಿಸೋದು ಹೇಗೆ?

ಮೊಬೈಲ್ ನಂಬರ್ ಪೋರ್ಟ್ ಮಾಡೋವಾಗ 1900ಕ್ಕೆ ಮೆಸೇಜ್ ಕಳಿಸಿ ಕೋಡ್ ತಗೋತೀವಲ್ಲ, ಇದೂ ಹಾಗೇ. ಹಳೇ ರಿಜಿಸ್ಟ್ರಾರ್‌ನಲ್ಲಿ ಲಾಕ್ ತೆಗೆದು ಆಥ್ ಕೋಡ್ ತಗೊಂಡು ಹೊಸಬರಿಗೆ ಕೊಡಬೇಕು. ಡಾಟ್ ಕಾಮ್‌ನಂಥ ಹೆಸರುಗಳಿಗೆ, ಕೇಳಿದ 5 ದಿನದೊಳಗೆ ಕೋಡ್ ಕೊಡಬೇಕು ಅಂತ ಐಕ್ಯಾನ್ ನಿಯಮ ಇದೆ. ಹೊಸದಾಗಿ ನೋಂದಾಯಿಸಿದ ಮೊದಲ 60 ದಿನ ಮಾತ್ರ ಸಾಮಾನ್ಯವಾಗಿ ವರ್ಗಾವಣೆ ಆಗಲ್ಲ.

ಹೋಸ್ಟಿಂಗ್ ಮಾತ್ರ ಬದಲಿಸೋದಾದರೆ ಇದ್ಯಾವುದೂ ಬೇಡ:

1. ಹೊಸ ಸರ್ವರ್‌ಗೆ ಎಲ್ಲಾ ಕಾಪಿ ಮಾಡಿ, ಟೆಸ್ಟ್ ಮಾಡಿ.
2. ಈಗಿರೋ ಡಿಎನ್‌ಎಸ್ ರೆಕಾರ್ಡ್‌ಗಳನ್ನೆಲ್ಲಾ ಬರೆದಿಟ್ಟುಕೊಳ್ಳಿ. ನೇಮ್‌ಸರ್ವರ್ ಬದಲಿಸೋವಾಗ ಎಂಎಕ್ಸ್ ಬಿಟ್ಟುಹೋದರೆ ಸೈಟ್ ಓಡುತ್ತೆ, ಮೇಲ್ ಬರಲ್ಲ.
3. ಹಿಂದಿನ ದಿನವೇ ಟಿಟಿಎಲ್ ಅನ್ನು 3600 ಸೆಕೆಂಡ್‌ನಿಂದ 300ಕ್ಕೆ ಇಳಿಸಿ. ಆಗ ಹಳೇ ವಿಳಾಸ ಕ್ಯಾಶ್‌ಗಳಲ್ಲಿ ಬೇಗ ಅಳಿಯುತ್ತೆ.
4. ಎ ರೆಕಾರ್ಡ್ ಬದಲಿಸಿ. ಹಳೇ ಹೋಸ್ಟಿಂಗ್ ಕೆಲವು ದಿನ ಇರಲಿ.

ಯಾರ ಹೆಸರಲ್ಲಿ ಇದೆ?

ಕ್ಲಬ್‌ಗಳ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ. ಡೊಮೇನ್ ಫೈನಲ್ ಇಯರ್ ಅಣ್ಣನೋ ಅಕ್ಕನೋ ಸ್ವಂತ ಮೇಲ್ ಐಡಿಯಲ್ಲಿ ತಗೊಂಡಿದ್ದರೆ, ಅವರು ಪಾಸ್ ಆಗಿ ಹೋದ ಮೇಲೆ ರಿನ್ಯೂವಲ್ ಮೆಸೇಜ್ ಯಾರಿಗೆ ಬರುತ್ತೆ? ಡಾಟ್ ಕಾಮ್ ಹೆಸರು ಅವಧಿ ಮುಗಿದು ಡಿಲೀಟ್ ಆದರೆ, ಬಿಡಿಸಿಕೊಳ್ಳೋಕೆ 30 ದಿನ ಸಿಗುತ್ತೆ, ಅದೂ ಹೆಚ್ಚಿನ ದುಡ್ಡು ಕೊಟ್ಟು. ಆಮೇಲೆ 5 ದಿನ ಕಳೆದರೆ ಯಾರು ಬೇಕಾದರೂ ತಗೋಬಹುದು. ಆಗ ನಮ್ಮ ಹಳೇ ಪೋಸ್ಟರ್‌ಗಳ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದವರು ಯಾರದೋ ಸೈಟ್‌ಗೆ ಹೋಗ್ತಾರೆ.

ಆದ್ದರಿಂದ ಡೊಮೇನನ್ನು ಕ್ಲಬ್ಬಿನ ಮೇಲ್ ಐಡಿಯಲ್ಲಿ ತಗೊಳ್ಳಿ. ಆದರೆ ಆ ಮೇಲ್ ಅದೇ ಡೊಮೇನಿನದ್ದು ಆಗಿರಬಾರದು, ಡೊಮೇನ್ ನಿಂತರೆ ಮೇಲೂ ನಿಲ್ಲುತ್ತೆ. ಎರಡು ಹಂತದ ಲಾಗಿನ್ ಹಾಕಿ, ಆಟೋ ರಿನ್ಯೂ ಆನ್ ಇಡಿ, ಫ್ಯಾಕಲ್ಟಿ ಸಂಯೋಜಕರಿಗೂ ಲಾಗಿನ್ ವಿವರ ಗೊತ್ತಿರಲಿ.

ಎರಡು ಲಾಗಿನ್, ಎರಡು ಬಿಲ್ ಸ್ವಲ್ಪ ತಲೆನೋವು ನಿಜ. ಒಂದು ವಾರದ ಮಿನಿ ಪ್ರಾಜೆಕ್ಟ್‌ಗೆ ಇಷ್ಟೆಲ್ಲಾ ಬೇಕಿಲ್ಲ. ಆದರೆ ವರ್ಷ ವರ್ಷ ಉಳಿಯಬೇಕಾದ ಹೆಸರಿಗೆ ಬೇಕು. ಖರ್ಚೂ ಜಾಸ್ತಿ ಆಗಬೇಕಿಲ್ಲ: ಬರೀ ಸ್ಟ್ಯಾಟಿಕ್ ಪುಟಗಳಾದರೆ, ರೆಪೊ ಪಬ್ಲಿಕ್ ಇದ್ದರೆ, ಗಿಟ್‌ಹಬ್ ಪೇಜಸ್‌ನಲ್ಲಿ ಫ್ರೀ ಹೋಸ್ಟಿಂಗ್ ಸಿಗುತ್ತೆ, ನಮ್ಮದೇ ಡೊಮೇನನ್ನೂ ಜೋಡಿಸಬಹುದು. ದುಡ್ಡು ಕೊಡಬೇಕಾಗಿರೋದು ಹೆಸರಿಗೆ ಮಾತ್ರ.

ಈ ವಾರ ನಿಮ್ಮ ಕ್ಲಬ್ಬಿನಲ್ಲಿ ಒಮ್ಮೆ ಕೇಳಿ ನೋಡಿ: ನಮ್ಮ ಡೊಮೇನ್ ಯಾವ ರಿಜಿಸ್ಟ್ರಾರ್ ಹತ್ತಿರ ಇದೆ, ಲಾಗಿನ್ ಯಾರ ಹತ್ತಿರ ಇದೆ, ಅವಧಿ ಯಾವಾಗ ಮುಗಿಯುತ್ತೆ? ಉತ್ತರ ಯಾರಿಗೂ ಗೊತ್ತಿಲ್ಲ ಅಂದ್ರೆ ಕೆಲಸ ಅಲ್ಲಿಂದಲೇ ಶುರು ಮಾಡಿ.