ಕರೆಂಟ್ ಎಲ್ಲಿಯ ತನಕ ಬಂತು?

ನಿನ್ನೆ ಸಂಜೆ ಓಡಾಡಿಕೊಂಡು ಬಂದ ಕಾರು ಇವತ್ತು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲವೆಂದರೆ, ಕೆಟ್ಟಿರುವುದು ಸಾಮಾನ್ಯವಾಗಿ ಒಂದೇ. ಅದನ್ನು ಸರಿಮಾಡಿದರೆ ಗಾಡಿ ಹೊರಡುತ್ತದೆ. ಸರಿಯಾಯಿತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತು, ಆಮೇಲೆ ನಟ್ಟು ಬೋಲ್ಟಿನ ತನಕ ಬಿಚ್ಚಿಸಿಕೊಂಡು, ಟಿಂಕರಿಂಗ್, ಪೇಂಟಿಂಗ್ ಮುಗಿಸಿಕೊಂಡು ಮತ್ತೆ ಜೋಡಣೆಯಾದ ಕಾರಿನ ಲೆಕ್ಕ ಬೇರೆ. ಅದರಲ್ಲಿ ಮೂರು ನಾಲ್ಕು ದೋಷಗಳು ಒಟ್ಟಿಗೇ ಸೇರಿಕೊಂಡಿರುತ್ತವೆ. ಒಂದನ್ನು ಸರಿಮಾಡಿದರೂ ಎಂಜಿನ್ ಸುಮ್ಮನೇ ಇರುತ್ತದೆ. ಆಗ ಮನುಷ್ಯ ತಾನು ಮಾಡಿದ ಸರಿಯಾದ ಕೆಲಸವನ್ನೇ ಅನುಮಾನಿಸತೊಡಗುತ್ತಾನೆ, ಒಳ್ಳೆಯ ಭಾಗವನ್ನು ತೆಗೆದು ಇನ್ನೊಂದನ್ನು ತಂದು ಹಾಕುತ್ತಾನೆ. ಖರ್ಚು ಏರುತ್ತದೆ, ಗಾಡಿ ಅಲ್ಲೇ ಇರುತ್ತದೆ.

ನಾನಿದನ್ನು ಕಲಿತದ್ದು ಒಂದು ಪ್ರೀಮಿಯರ್ ಪದ್ಮಿನಿಯಿಂದ. ಫಿಯೆಟ್ 1100 ಎಂದು ಬಂದು, 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಿಂದ ಪದ್ಮಿನಿ ಎನಿಸಿಕೊಂಡ ಅದೇ ಕಾರು. 1089 ಸಿ.ಸಿ.ಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲಿ ಗೇರ್ ಲಿವರ್, ಪಾಯಿಂಟ್ ಮತ್ತು ಕಂಡೆನ್ಸರ್ ಇರುವ ಹಳೆಯ ಇಗ್ನಿಷನ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಹೊಸ ಗಾಡಿಯಲ್ಲಿ ಯಂತ್ರ ನೋಡಿ ಹೇಳುವುದನ್ನು ಇಲ್ಲಿ ನಾವೇ ಕಣ್ಣು, ಕೈ, ಮಲ್ಟಿಮೀಟರ್ ಇಟ್ಟುಕೊಂಡು ಕಂಡುಹಿಡಿಯಬೇಕು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾರು ಇಲ್ಲವೆಂದೇ ನನ್ನ ನಂಬಿಕೆ.

ಹೀಗೇ ಪೂರ್ತಿ ಬಿಚ್ಚಿದ್ದ ನಮ್ಮ ಪದ್ಮಿನಿಯ ಜೋಡಣೆ ಮುಗಿದ ಮೇಲೆ ಕೀ ತಿರುಗಿಸಿದರೆ ಸೆಲ್ಫ್ ನರಳಿದಂತೆ ಒಂದು ಸುತ್ತು ತಿರುಗಿ ನಿಲ್ಲುತ್ತಿತ್ತು. ನೋಡಲು ಬಂದವರೆಲ್ಲ ಒಂದೊಂದು ಹೆಸರು ಹೇಳಿದರು: ಬ್ಯಾಟರಿ ವೀಕು, ಸೆಲ್ಫ್ ಮೋಟರ್ ಹೋಗಿದೆ, ಎಂಜಿನ್ ಟೈಟ್ ಆಗಿದೆ. ಮೈಸೂರಿನಲ್ಲಿ ಆಯುಷ್ಯವಿಡೀ ಫಿಯೆಟ್ ಕೆಲಸವನ್ನೇ ಮಾಡಿದ, ನಾವೆಲ್ಲ ಚಾಚಾ ಎನ್ನುವ ಹಿರಿಯ ಮೆಕ್ಯಾನಿಕ್ ಮಾತ್ರ ಯಾವ ಹೆಸರನ್ನೂ ಹೇಳಲಿಲ್ಲ. "ಸ್ಟಾರ್ಟ್ ಆಗ್ಲಿಲ್ಲ ಅನ್ನೋದನ್ನ ಮರ್ತ್‌ಬಿಡಿ ಸಾರ್. ಕರೆಂಟ್ ಎಲ್ಲೀ ತನ್ಕ ಬಂತು, ಅಷ್ಟ್ ಹೇಳಿ" ಎಂದರು.

ಅಳೆಯಲು ಕೂತೆವು. ಸುಮ್ಮನಿದ್ದಾಗ ಬ್ಯಾಟರಿಯಲ್ಲಿ 12.6 ವೋಲ್ಟ್, ಅಂದರೆ ಪೂರ್ತಿ ಚಾರ್ಜ್. ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಬ್ಯಾಟರಿಯ ಎರಡು ತುದಿಗಳ ಮೇಲೇ ಮೀಟರ್ ಹಿಡಿಯಬೇಕು. ವೀಕ್ ಬ್ಯಾಟರಿಯಾದರೆ ಮುಳ್ಳು 10ರ ಕೆಳಗೆ ಕುಸಿಯುತ್ತದೆ. ಸೆಲ್ಫ್ ಮೋಟರ್ ಜಾಮ್ ಆಗಿ ಅತಿಯಾಗಿ ಕರೆಂಟ್ ಎಳೆಯುತ್ತಿದ್ದರೂ ಕುಸಿಯುತ್ತದೆ. ನಮ್ಮದರಲ್ಲಿ 11ರ ಮೇಲೇ ನಿಂತಿತ್ತು. ಬ್ಯಾಟರಿಯಲ್ಲಿ ಶಕ್ತಿಯಿದೆ, ಕೇಳಿದವರಿಗೆ ಅದು ತಲುಪುತ್ತಿಲ್ಲ ಎಂದರ್ಥ. ದಾರಿಯಲ್ಲೆಲ್ಲೋ ತಡೆಯಿದೆ.

ಬೋರಿನ ನೀರು ಗದ್ದೆಗೆ ಹೋದರೆ ಸಾಕು, ತಿರುಗಿ ಬರಬೇಕಾಗಿಲ್ಲ. ಕರೆಂಟ್ ಹಾಗಲ್ಲ, ಹೋದಷ್ಟೂ ಬ್ಯಾಟರಿಗೆ ಮರಳಬೇಕು. ಮರಳುವ ದಾರಿಯೇ ಬಾಡಿ ಅರ್ತ್. ಎಂಜಿನ್ ಕೂತಿರುವುದು ರಬ್ಬರಿನ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯದು. ಅದಕ್ಕೇ ಎಂಜಿನ್‌ನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆದರೆ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ನಮಗೆ ಬಂದದ್ದು 3 ವೋಲ್ಟಿಗೂ ಹೆಚ್ಚು. ಅಷ್ಟರಲ್ಲಿ ಚಾಚಾ ಚೋಕ್ ಕೇಬಲ್ ಮುಟ್ಟಿ ನೋಡಿ ಎಂದರು. ಮುಟ್ಟಿದರೆ ಬಿಸಿ! ನೇರ ದಾರಿ ಮುಚ್ಚಿದ್ದರಿಂದ ಸೆಲ್ಫಿನ ಅಷ್ಟು ದೊಡ್ಡ ಕರೆಂಟ್, ಕಾರ್ಬೊರೇಟರಿನಿಂದ ಡ್ಯಾಶ್‌ಬೋರ್ಡಿಗೆ ಹೋಗುವ ಆ ತೆಳು ಕೇಬಲಿನಲ್ಲಿ ನುಸುಳುತ್ತಿತ್ತು. ಹಾಗೇ ಹೊಡೆಯುತ್ತ ಹೋಗಿದ್ದರೆ ಕೇಬಲ್ ಸುಟ್ಟು ಹೊಗೆ ಬರುತ್ತಿತ್ತು.

ತಾಮ್ರದ ಪಟ್ಟಿ ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು. ಬೋಲ್ಟ್ ಕೂರುವ ಜಾಗಕ್ಕೆ ಪೇಂಟಿಂಗಿನವರು ಪ್ರೈಮರ್ ಹೊಡೆದು, ಮೇಲೆ ಬಣ್ಣ ಹೊಡೆದು, ಹೊಳೆಯುವಂತೆ ಮಾಡಿದ್ದರು. ಅಂದವಾದ ಕೆಲಸವೇ. ಆದರೆ ಬಣ್ಣದಲ್ಲಿ ಕರೆಂಟ್ ಹರಿಯುವುದಿಲ್ಲ. ಎಮರಿ ಕಾಗದದಿಂದ ಉಜ್ಜಿ ಬರಿ ತಗಡು ಕಾಣಿಸಿ, ಪಟ್ಟಿಯನ್ನು ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲೀನ್ ಸವರಿದೆವು. ಸೆಲ್ಫ್ ಗರಗರನೆ ತಿರುಗಿತು. ಹೊಸದಾಗಿ ಬಣ್ಣ ಕಂಡ ಯಾವ ಗಾಡಿಯೇ ಆಗಲಿ, ಬೇರೆ ಯಾವುದನ್ನೂ ಮುಟ್ಟುವ ಮೊದಲು ಅರ್ತ್ ಜಾಗಗಳನ್ನೆಲ್ಲ ಹೀಗೆ ಕೆರೆದು ನೋಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಹೆಡ್‌ಲೈಟ್ ಮಂಕಾಗುವುದು, ಪೆಟ್ರೋಲ್ ಮುಳ್ಳು ಸುಳ್ಳು ಹೇಳುವುದು, ಇವುಗಳ ಹಿಂದೆಯೂ ಎಷ್ಟೋ ಸಲ ಇದೇ ಇರುತ್ತದೆ.

ಸೆಲ್ಫ್ ತಿರುಗಿದರೂ ಎಂಜಿನ್ ಹತ್ತಿಕೊಳ್ಳಲಿಲ್ಲ. "ಸ್ಟಾರ್ಟ್ ಆಯಿತೇ" ಎಂಬುದನ್ನೇ ಅಳತೆಗೋಲು ಮಾಡಿಕೊಂಡಿದ್ದರೆ ಅರ್ತ್ ಕೆಲಸವೂ ವ್ಯರ್ಥವಾಯಿತು ಎನಿಸುತ್ತಿತ್ತು. ಮೀಟರ್ ಬೇರೆ ಹೇಳುತ್ತಿತ್ತು: 3 ವೋಲ್ಟ್ ಇದ್ದದ್ದು ಕಾಲು ವೋಲ್ಟಿಗೆ ಇಳಿದಿದೆ. ಆ ಕೆಲಸ ಮುಗಿದಿದೆ, ಅದರತ್ತ ತಿರುಗಿ ನೋಡಬೇಕಾಗಿಲ್ಲ. ಹೀಗೆ ಬಿಚ್ಚಿ ಕಟ್ಟಿದ ಪ್ರಾಜೆಕ್ಟ್ ಕಾರಿನಲ್ಲಿ ಒಂದೊಂದು ವ್ಯವಸ್ಥೆಯನ್ನೂ ಅದರದೇ ಪರೀಕ್ಷೆಯಿಂದ ಒರೆಗೆ ಹಚ್ಚಬೇಕು, ಎಂಜಿನ್ ಗುಡುಗಲಿ ಎಂದು ಕಾಯಬಾರದು.

ಕ್ರಮವೂ ಮುಖ್ಯ. ಪಾಯಿಂಟ್ ಇರುವುದು ಡೆಲ್ಕೋ, ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ, ಡೆಲ್ಕೋ ಕೂತಿರುವುದು ಎಂಜಿನ್ ಮೇಲೆ. ಎಂಜಿನ್ ಅರ್ತ್ ಕೆಟ್ಟಿದ್ದರೆ ಸ್ಪಾರ್ಕ್ ಕೂಡ ಸೊರಗುತ್ತದೆ. ಅರ್ತ್ ಸರಿಮಾಡದೆ ಸ್ಪಾರ್ಕ್ ನೋಡಿದ್ದರೆ ನಿರಪರಾಧಿ ಕಾಯಿಲ್ ಹೊರಗೆ ಬೀಳುತ್ತಿತ್ತು. ಈಗ ಕಾಯಿಲಿನ ಮಧ್ಯದ ವೈರನ್ನು ಡೆಲ್ಕೋ ಮುಚ್ಚಳದಿಂದ ಎಳೆದು, ಪ್ಲಾಸ್ಟಿಕ್ ಹಿಡಿಯ ಇಕ್ಕಳದಿಂದ ಬ್ಲಾಕಿಗೆ ಐದಾರು ಮಿ.ಮೀ. ದೂರ ಹಿಡಿದು ನೋಡಿದೆವು. ಹತ್ತಿರದಲ್ಲೆಲ್ಲೂ ತೆರೆದ ಪೆಟ್ರೋಲ್ ಇರಬಾರದು, ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಚಟಚಟ ಸದ್ದಿನ ನೀಲಿ ಕಿಡಿ ಬರಬೇಕಾದಲ್ಲಿ ಹಳದಿ ಬಣ್ಣದ ಬಡಕಲು ಕಿಡಿ ಬಂತು.

ಟೆಸ್ಟ್ ಲ್ಯಾಂಪನ್ನು ಕಾಯಿಲಿನ ನೆಗೆಟಿವ್ ಟರ್ಮಿನಲಿಗೂ ಅರ್ತಿಗೂ ಕೊಟ್ಟು ಸೆಲ್ಫ್ ಹೊಡೆದರೆ ಬಲ್ಬ್ ಮಿನುಗುತ್ತಿತ್ತು. ಪಾಯಿಂಟ್ ತೆರೆದಾಗ ಉರಿ, ಮುಚ್ಚಿದಾಗ ಆರು. ಫೀಲರ್ ಗೇಜಿನಲ್ಲಿ ಪಾಯಿಂಟ್ ಗ್ಯಾಪ್ ಸುಮಾರು 0.4 ಮಿ.ಮೀ., ಸರಿಯಾಗಿತ್ತು. ಆದರೆ ಮುಚ್ಚಳ ತೆಗೆದು ನೋಡಿದಾಗ ಪಾಯಿಂಟ್ ತೆರೆಯುವಲ್ಲೇ ಕಿಡಿ ಹಾರುತ್ತಿತ್ತು. ಪಾಯಿಂಟ್ ತೆರೆದ ಕ್ಷಣದಲ್ಲಿ ಕರೆಂಟನ್ನು ತನ್ನೊಳಗೆ ಸೆಳೆದುಕೊಂಡು ಅಲ್ಲಿ ಕಿಡಿಯಾಗದಂತೆ ತಡೆಯುವುದು ಕಂಡೆನ್ಸರಿನ ಕೆಲಸ. ಆಗಲೇ ಕಾಯಿಲಿನ ಕಾಂತಕ್ಷೇತ್ರ ಥಟ್ಟನೆ ಕುಸಿದು 12 ವೋಲ್ಟ್ ಸಾವಿರಾರು ವೋಲ್ಟ್ ಆಗುತ್ತದೆ. ಕಂಡೆನ್ಸರ್ ಸತ್ತರೆ ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಪಾಯಿಂಟಿನಲ್ಲೇ ಸುಟ್ಟುಹೋಗುತ್ತದೆ.

ಆ ಕಂಡೆನ್ಸರ್ ಹೊಚ್ಚ ಹೊಸದು. ಆಗ ತಾನೇ ಡಬ್ಬಿಯಿಂದ ತೆಗೆದು ಹಾಕಿದ್ದು. ಅದಕ್ಕೇ ಯಾರ ಅನುಮಾನವೂ ಅದರ ಮೇಲೆ ಹೋಗಿರಲಿಲ್ಲ. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ಕಳೆದಿದೆ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿಗೆ ರಸ್ತೆಯಿಂದ ಸರಿಯಿತು. ಈಗ ಸಿಗುವ ಬಿಡಿಭಾಗಗಳಲ್ಲಿ ಒಳ್ಳೆಯದೂ ಇದೆ, ಹೆಸರಿಗಷ್ಟೇ ಹೊಸದಾದದ್ದೂ ಇದೆ. ಚಾಚಾ ತಮ್ಮ ಡಬ್ಬಿಯಿಂದ ಕಪ್ಪಾದ ಹಳೆಯದೊಂದನ್ನು ತೆಗೆದುಕೊಟ್ಟರು. "ಇದು ಓಡೋ ಗಾಡಿಯಿಂದ ಬಿಚ್ಚಿದ್ದು" ಎಂಬುದೇ ಅದಕ್ಕೆ ಅವರು ಕೊಟ್ಟ ಗ್ಯಾರಂಟಿ. ಹಾಕಿದ ಕೂಡಲೇ ಕಿಡಿ ನೀಲಿಯಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಗೆ ಬಿಡಿಭಾಗ ಹುಡುಕಿಕೊಂಡು ಹೋಗುವವರಿಗೆ ನನ್ನದೊಂದು ಕೋರಿಕೆ: ಬಿಚ್ಚಿದ ಹಳೆಯ ಭಾಗವನ್ನು ಗುಜರಿಗೆ ಹಾಕಬೇಡಿ. ಓಡುತ್ತಿದ್ದ ಗಾಡಿಯಿಂದ ಬಂದದ್ದಾದರೆ ಹೆಸರು ಬರೆದು ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಎಂಜಿನ್ ಕಾರ್ಬೊರೇಟರ್ ಬಾಯಿಂದ ಢಬ್ಬೆಂದು ಕೆಮ್ಮಿತು. ಅದು ಒಳ್ಳೆಯ ಸುದ್ದಿ. ಪೆಟ್ರೋಲ್ ಇದೆ, ಕಿಡಿ ಇದೆ, ಹೊತ್ತು ಮಾತ್ರ ತಪ್ಪಿದೆ. ಒಂದನೇ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳಿಟ್ಟು, ಎಂಜಿನನ್ನು ಕೈಯಿಂದ ತಿರುಗಿಸಬೇಕು. ಬೆರಳನ್ನು ಗಾಳಿ ತಳ್ಳುತ್ತ ಪಿಸ್ಟನ್ ಮೇಲೆ ಬಂದಾಗ ಡೆಲ್ಕೋ ರೋಟರ್ ಒಂದನೇ ಪ್ಲಗ್ಗಿನ ವೈರಿಗೆ ಮುಖ ಮಾಡಿರಬೇಕು. ನಮ್ಮದು ನಾಲ್ಕನೆಯದಕ್ಕೆ ಮಾಡಿತ್ತು. 1-3-4-2 ಫೈರಿಂಗ್ ಆರ್ಡರಿನಲ್ಲಿ ಒಂದು ಮತ್ತು ನಾಲ್ಕರ ಪಿಸ್ಟನ್‌ಗಳು ಒಟ್ಟಿಗೇ ಮೇಲೆ ಬರುವುದರಿಂದ ಎಂಜಿನ್ ಕಟ್ಟುವಾಗ ಹೀಗಾಗುವುದು ಸಾಮಾನ್ಯ. ವೈರುಗಳನ್ನು ಮುಚ್ಚಳದ ಮೇಲೆ ಅರ್ಧ ಸುತ್ತು ಸರಿಸಿದೆವು, ಎಂಜಿನ್ ಹತ್ತಿಕೊಂಡಿತು.

ಹತ್ತಿಕೊಂಡದ್ದು ತುಸು ಹೊತ್ತಿಗೆ ನಿಂತಿತು, ಪೆಟ್ರೋಲಿನ ಸರದಿ ಬಂತು. ಪ್ಲಗ್ ಬಿಚ್ಚಿದರೆ ಒಣಗಿತ್ತು. ಒದ್ದೆಯಿದ್ದರೆ ಕಿಡಿಯ ಕಡೆ ನೋಡಬೇಕು, ಒಣಗಿದ್ದರೆ ಪೆಟ್ರೋಲಿನ ಕಡೆ. ಕಾಯಿಲಿನ ವೈರ್ ಕಿತ್ತಿಟ್ಟು, ಎಸಿ ಪಂಪಿನಿಂದ (ಪೆಟ್ರೋಲ್ ಪಂಪಿಗೆ ಗ್ಯಾರೇಜಿನವರ ಹೆಸರು) ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬಾಟಲಿಯೊಳಗೆ ಬಿಟ್ಟು ಸೆಲ್ಫ್ ಹೊಡೆದಾಗ ಚಿಮ್ಮಿ ಚಿಮ್ಮಿ ಬರಬೇಕಾದದ್ದು ತೊಟ್ಟಿಕ್ಕುತ್ತಿತ್ತು. ಟ್ಯಾಂಕಿನ ತುಕ್ಕು ಫಿಲ್ಟರಿನಲ್ಲಿ ಕೂತಿತ್ತು, ಪಂಪಿನ ಡಯಾಫ್ರಮ್ ಉಬ್ಬಿ ಮೆತ್ತಗಾಗಿತ್ತು. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಗಿ ಈಗ ಹೆಚ್ಚುಕಡಿಮೆ ಎಲ್ಲ ಬಂಕುಗಳಲ್ಲೂ ಅದೇ ಇದೆ. ಎಥನಾಲ್ ಹಳೆಯ ಕಾಲದ ರಬ್ಬರಿಗೆ ಆಗಿಬರುವುದಿಲ್ಲ, ತೇವವನ್ನೂ ಹೀರಿಕೊಳ್ಳುತ್ತದೆ. ಹಳೆ ಗಾಡಿ ಇಟ್ಟುಕೊಂಡವರು ಪಂಪಿನ ಡಯಾಫ್ರಮ್, ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವಂಥದಕ್ಕೆ ಬದಲಿಸಲೇಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬಾರದು. ಸೋರುವ ಪೈಪು ಸ್ಟಾರ್ಟ್ ಆಗದ ಗಾಡಿಗಿಂತ ದೊಡ್ಡ ತೊಂದರೆ, ಕೆಳಗೇ ಬಿಸಿ ಎಂಜಿನ್ ಇರುತ್ತದೆ.

ಎಂಜಿನ್ ಹದವಾಗಿ ಓಡತೊಡಗಿದ ದಿನ ಮನೆಮಂದಿಯೆಲ್ಲ ಒಂದು ರೌಂಡ್ ಹೋಗಿಬರೋಣ ಎಂದು ಹತ್ತಿ ಕೂತರು. ಇಳಿಸಿದೆ. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ವ್ಹೀಲ್ ಸಿಲಿಂಡರಿನ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ, ಪೆಡಲ್ ಮೊದಲೆರಡು ಸಲ ಹಿಡಿದಂತೆ ಕಂಡು ಆಮೇಲೆ ನೆಲಕ್ಕೆ ಹೋಗಬಹುದು. ನಾಲ್ಕೂ ಸಿಲಿಂಡರ್ ಬಿಚ್ಚಿ, ರಬ್ಬರ್ ಕಿಟ್ ಬದಲಿಸಿ, ಬ್ರೇಕ್ ಆಯಿಲ್ ಹೊಸದು ತುಂಬಿ, ಗಾಳಿ ತೆಗೆದು, ಗೇಟಿನೊಳಗೇ ನಿಲ್ಲಿಸಿ ನಿಲ್ಲಿಸಿ ನೋಡಿದ ಮೇಲೆಯೇ ಗಾಡಿಯನ್ನು ರಸ್ತೆಗೆ ಇಳಿಸಿದೆವು.